ತಿತ್ತರದ ಮೇವು

ಅಕ್ಟೋಬರ್ ೨೯, ೧೯೯೫. ಭಾನುವಾರ

ಮಧ್ಯಾಹ್ನ ವಾಗದರಿಯಿಂದ ಮಾವನವರು ಬಂದರು. ಬಂದರು ಅನ್ನುವುದೇನು, ಜೀಪಿನಿಂದ ಇಬ್ಬರು ಎತ್ತಿ ತಂದು ಹೊರಗಿನ ಕೋಣೆಯ ಮಂಚದ ಮೇಲೆ ಮಲಗಿಸಿದರು. ದಸರೆಯಾದ ವಾರಕ್ಕೆ ಹೊಲದಲ್ಲೇ ಲಕ್ವಾ ಹೊಡೆದದ್ದು. ಬಲಗಡೆಯ ಕೈಕಾಲು ಆಡುವುದಿಲ್ಲ. ಮಾತು ಬಾಯಲ್ಲೇ ಹೊರಳಾಡಿ ಅರ್ಧ ಮಾತ್ರ ಹೊರಗೆ ಬರುತ್ತದೆ. ಸೋಲಾಪುರದಲ್ಲಿ ದಿನವೂ ಕೈಕಾಲು ಆಡಿಸುವ ಡಾಕ್ಟರಿದ್ದಾರೆಂದು ಭಾವ ಭೀಮಣ್ಣನವರು ಇಲ್ಲಿಗೆ ಕರೆತಂದರು.

ಜೊತೆಗೆ ಕೆಂಪು ಬಟ್ಟೆ ಹೊದಿಸಿದ ಒಂದು ಪಂಜರ. ಒಳಗೆ ತಿತ್ತರ. ಪುಸ್ತಕದಲ್ಲಿ ಕೌಜುಗ ಅನ್ನುವುದು ಇದಕ್ಕೇ. ಅತ್ತೆ ತೀರಿಹೋದ ವರ್ಷ ಜೋಳ ಕೊಯ್ಯುವಾಗ ಸಾಲಿನಲ್ಲಿ ಸಿಕ್ಕ ಮರಿಯಂತೆ. ಮಾವ ಅದನ್ನು ಅಂಗೈಯಲ್ಲಿ ಸಾಕಿದರು. ಅಂದಿನಿಂದ ಮೊದಲು ಅದಕ್ಕೆ ಮೇವು, ಆಮೇಲೆ ತಮಗೆ ಊಟ.

ಹೋಗುವಾಗ ಭಾವ ನನ್ನನ್ನು ಬದಿಗೆ ಕರೆದು, "ಹಕ್ಕಿ ತಿಂದಿಲ್ಲಂದ್ರ ಅಪ್ಪ ತಿನ್ನಂಗಿಲ್ಲ, ನೋಡವ್ವಾ. ಇದ್ರಾಗ ಒರಲಿ ಅದಾವ. ಎರಡ ದಿನಕ್ಕ ಆಗ್ತಾವ" ಅಂದು ಒಂದು ತಗಡಿನ ಡಬ್ಬಿ ಕೊಟ್ಟರು. ಮುಚ್ಚಳ ತೆಗೆದೆ. ಮಣ್ಣಿನಲ್ಲಿ ಗೆದ್ದಲು ಹರಿದಾಡುತ್ತಿತ್ತು. ತಕ್ಷಣ ಮುಚ್ಚಿದೆ.

ಆಫೀಸಿನಲ್ಲಿ ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ರಜೆ ಹಾಕಿ ಮನೆಯಲ್ಲಿ ಕೂತಮೇಲೆ ಯಾರೊಡನಾದರೂ ಮಾತಾಡಬೇಕಲ್ಲ. ನಾನು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಕಲಿತವಳು. ಮರಾಠಿ ಶಾಲೆಗೆ ಹೋಗುವ ಮಗಳು ಸುರಭಿಗೆ ಕನ್ನಡ ಆಡಲು ಬರುತ್ತದೆ, ಓದಲು ಬಾರದು. ಹಾಗಾಗಿ ಮೇಜಿನ ಮೇಲೆಯೇ ಇಡಬಹುದು.

ನವೆಂಬರ್ ೧. ಬುಧವಾರ

ಗೆದ್ದಲು ಮುಗಿಯಿತು. ನೆನೆಸಿದ ಕಡಲೆ, ಜೋಳ, ಸಜ್ಜೆ ಎಲ್ಲ ಇಟ್ಟೆ. ತಿತ್ತರ ಒಮ್ಮೆ ಕುಕ್ಕಿ ಕಾಲಿನಿಂದ ಚೆದರಿಸಿತು. ಮಾವ ಮಂಚದಿಂದಲೇ ನೋಡುತ್ತಿದ್ದರು. ಗಂಜಿಯ ಬಟ್ಟಲು ತಂದರೆ ಎಡಗೈಯಿಂದ ಸರಿಸಿದರು.

ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕೊಳೆತ ಬಾಗಿಲ ಚೌಕಟ್ಟೊಂದು ಬಿದ್ದಿದೆ. ಚಮಚ, ಡಬ್ಬಿ ತೆಗೆದುಕೊಂಡು ಹೋಗಿ ಅದರ ಕೆಳಗೆ ಕೆದರಿದೆ. ಒಂದಿಷ್ಟು ಸಿಕ್ಕವು. ಅಕ್ಕಿಯಲ್ಲಿ ಹುಳ ಬಿದ್ದರೆ ಬಿಸಿಲಿಗೆ ಹರವಿ ಅವು ತಾವಾಗಿ ಹರಿದುಹೋಗುವ ತನಕ ಕಾಯುವ ಮನೆ ನಮ್ಮದು. ನಾನು ಮಣ್ಣಲ್ಲಿ ಕೂತು ಜೀವ ಹೆಕ್ಕುತ್ತಿದ್ದೆ. ಮೈಯೆಲ್ಲ ತುರಿಸಿತು. ಬಂದು ತಲೆಗೆ ನೀರು ಹಾಕಿಕೊಂಡೆ.

ಹಕ್ಕಿ ತಿಂದಿತು. ಮಾವ ಅರ್ಧ ಬಟ್ಟಲು ಗಂಜಿ ಕುಡಿದರು.

ನವೆಂಬರ್ ೪. ಶನಿವಾರ

ಸುರಭಿಯನ್ನು ಅಕ್ಕಲಕೋಟೆಗೆ, ನನ್ನ ಅವ್ವನ ಮನೆಗೆ ಕಳಿಸಿದೆ. ದೀಪಾವಳಿ ರಜೆ ಇನ್ನೂ ಒಂದು ವಾರ ಇದೆ. ಮಲಮೂತ್ರದ ವಾಸನೆಯಲ್ಲಿ ಹತ್ತು ವರ್ಷದ ಹುಡುಗಿ ಯಾಕೆ ಕೂರಬೇಕು. ಇವರು ಮಂಗಳವೇಢೆಯ ಬ್ಯಾಂಕಿನಿಂದ ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುವವರು. ಇವತ್ತು ಮಧ್ಯಾಹ್ನವೇ ಬಂದು ಬಿಟ್ಟುಬಂದರು.

ಹೋಗುವುದು ಅವಳಿಗೆ ಇಷ್ಟವಿರಲಿಲ್ಲ, ಹುಳಗಳ ಸಲುವಾಗಿ. ರಜೆಗೆ ಮುಂಚೆ ಶಾಲೆಯ ಟೀಚರ್ ಬಾಯಿ ತರಗತಿಯ ಮಕ್ಕಳಿಗೆಲ್ಲ ರೇಷ್ಮೆಹುಳದ ಮೊಟ್ಟೆ ಹಂಚಿದ್ದರು. ಇವಳವು ಒಡೆದು ಒಂದು ಮೊರದ ತುಂಬ ಹುಳ ಆಗಿವೆ. ಶಾಲೆಯ ಕಾಂಪೌಂಡಿನಲ್ಲಿ ತುತಿ, ಅಂದರೆ ಹಿಪ್ಪುನೇರಳೆಯ ಗಿಡವಿದೆ. ಅಲ್ಲಿಂದ ಎಲೆ ತಂದು ಒಂದೊಂದನ್ನೂ ನನ್ನ ಸೆರಗಿನಿಂದಲೋ ತನ್ನ ಲಂಗದಿಂದಲೋ ಒರೆಸಿ ಹಾಕುತ್ತಾಳೆ. ಕೆಲವಕ್ಕೆ ಹೆಸರೂ ಇವೆ. ಹುಬ್ಬಿನ ಮೇಲೆ ಕಪ್ಪು ಗುರುತಿರುವುದು ಕಾಜಳ. ಅದನ್ನು ಮುಂಗೈ ಮೇಲೆ ಬಿಟ್ಟುಕೊಂಡು ಪಾಠ ಓದುತ್ತಾಳೆ.

ಹೋಗುವಾಗ ಮೂರು ಸಲ ಹೇಳಿದಳು. "ಒದ್ದಿ ಎಲಿ ಹಾಕಬ್ಯಾಡ ಅವ್ವಾ. ಅವಕ್ಕ ಹೊಟ್ಟಿ ಕೆಡ್ತೈತಿ. ನೀಟ ಲಕ್ಷ ಇಡು."

ಇಡುತ್ತೇನೆ ಅಂದೆ.

ನವೆಂಬರ್ ೬. ಸೋಮವಾರ

ಚೌಕಟ್ಟಿನ ಕೆಳಗಿನ ಗೆದ್ದಲು ಮುಗಿಯಿತು. ಮಿಡತೆಯೂ ಇಲ್ಲ. ತಿತ್ತರ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿದೆ, ಬೆಳಗ್ಗೆ ಕೂಗಲೂ ಇಲ್ಲ. ಮಾವ ನಿನ್ನೆ ಮಧ್ಯಾಹ್ನದಿಂದ ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಇವರು ಕೂತು ರಮಿಸಿದರು, ಸಿಟ್ಟು ಮಾಡಿದರು. ಮಾವ ಗೋಡೆಯ ಕಡೆ ಹೊರಳಿದರು. ಇವರು ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಸಂಜೆ ಡಾಕ್ಟರು ನಾಲಿಗೆ ನೋಡಿ, ಹೀಗೇ ನಡೆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಈ ವಯಸ್ಸಿಗೆ ಅದನ್ನು ತಡೆಯುವುದು ಕಷ್ಟ ಅಂದರು. ಹಕ್ಕಿಯ ವಿಷಯ ಹೇಳಲು ನಾಚಿಕೆಯಾಯಿತು.

ಹುಳಗಳಿಗೆ ಎಲೆ ಹಾಕಿದೆ. ಒರೆಸಿಯೇ ಹಾಕಿದೆ.

ನವೆಂಬರ್ ೭. ಮಂಗಳವಾರ

ಇವತ್ತು ಒಂದು ಕೊಟ್ಟೆ.

ಹೇಗೆ ಕೊಟ್ಟೆ ಎಂದು ಬರೆದಿಡಬೇಕು ಅನ್ನಿಸುತ್ತಿದೆ. ಮೊರದಿಂದ ತೀರ ಸಣ್ಣದೊಂದನ್ನು ಆರಿಸಿದೆ, ಅದು ಹೇಗೂ ಬದುಕಲಾರದು ಅಂದುಕೊಂಡೆ. ಅಂಗೈಯಲ್ಲಿ ತಣ್ಣಗಿತ್ತು, ಹಸುಗೂಸಿನ ಕಿವಿಯ ಹಾಗೆ ಮೆತ್ತಗೆ. ಪಂಜರದ ಸಂದಿಯಿಂದ ಒಳಗಿಟ್ಟೆ. ಗೆದ್ದಲಾದರೆ ಓಡುತ್ತದೆ. ಇದು ಓಡಲಿಲ್ಲ. ಹಕ್ಕಿಯ ನೆರಳು ಮೇಲೆ ಬಿದ್ದಾಗ ತಲೆಯೆತ್ತಿ ಆ ಕಡೆ ಈ ಕಡೆ ಆಡಿಸಿತು. ಸುರಭಿ ಎಲೆ ಹಿಡಿದಾಗಲೂ ಹೀಗೇ ಮಾಡುತ್ತವೆ.

ತಿತ್ತರ ಎರಡು ಸಲ ಕುಕ್ಕಿ ನುಂಗಿತು. ಕತ್ತು ಚಾಚಿ ಇನ್ನೊಂದಕ್ಕೆ ನನ್ನ ಕೈ ನೋಡಿತು.

ಮಾವ ನಗಲು ನೋಡಿದರು. ಎಡಗಡೆಯ ಮುಖ ಮಾತ್ರ ನಕ್ಕಿತು. "ಅನ್ನ" ಅಂದರು. ತಿಂಗಳ ಮೇಲೆ ಅವರ ಬಾಯಿಂದ ಸ್ಪಷ್ಟವಾಗಿ ಬಂದ ಮಾತು. ಹಾಲು ಅನ್ನ ಕಲಸಿ ತಿನ್ನಿಸಿದೆ. ಪೂರ್ತಿ ತಿಂದರು. ಅವರ ಬಾಯಿ ಒರೆಸುವಾಗ ನನಗೆ ಅಳು ಬಂತು. ಯಾತಕ್ಕೆ ಬಂತೆಂದು ಗೊತ್ತಾಗಲಿಲ್ಲ.

ನವೆಂಬರ್ ೮. ಬುಧವಾರ

ಬೆಳಗ್ಗೆ ಎರಡು, ಸಂಜೆ ಎರಡು. ಮಾವ ರೊಟ್ಟಿ ಹಾಲು ತಿಂದರು.

ನವೆಂಬರ್ ೧೦. ಶುಕ್ರವಾರ

ಬೆಳಗಾಗುತ್ತಲೇ ತಿತ್ತರ ಕೂಗಿತು. ಓಣಿಗೆಲ್ಲ ಕೇಳಿಸುವಂತೆ ಕೂಗಿತು. ಮಾವ ಎದ್ದು ಕೂರಲು ಹವಣಿಸಿದರು. ಡಾಕ್ಟರು ಬಲಗಾಲಿನ ಹೆಬ್ಬೆರಳು ಅಲುಗುತ್ತಿದೆ ಎಂದು ತೋರಿಸಿದರು.

ಈಗ ಸಣ್ಣದು ದೊಡ್ಡದು ಎಂದು ಆರಿಸುವುದಿಲ್ಲ. ಮೊರದ ಕಡೆ ನೋಡದೆ ಕೈಗೆ ಸಿಕ್ಕದ್ದನ್ನು ತೆಗೆಯುತ್ತೇನೆ. ಅದೇ ಸುಲಭ.

ನವೆಂಬರ್ ೧೨. ಭಾನುವಾರ

ನಿನ್ನೆ ಇವರಿಗೆ ಹೇಳಿದೆ. "ನೀ ದಿವಾಳಿಗೆ ಉಟ್ಟ ಸೀರಿಗೆ ಎಷ್ಟ ಹುಳ ಕುದ್ದು ಹೋಗ್ಯಾವ, ಒಂದರ ವಿಚಾರ ಮಾಡಿದ್ದೇನು? ಅಪ್ಪನ ಜೀಂವಕ್ಕಿಂತ ಹೆಚ್ಚಲ್ಲ ಬಿಡು" ಅಂದರು. ಸರಿಯಾಗಿಯೇ ಇದೆ. ಆದರೂ ಸೀರೆಯ ಹುಳ ಬೇರೆ, ಇವು ಬೇರೆ ಅನ್ನಿಸಿತು. ಏನು ಬೇರೆ ಎಂದು ಹೇಳಲು ಬರಲಿಲ್ಲ.

ಇವತ್ತು ಸುರಭಿ ಬಂದಳು. ಚಪ್ಪಲಿ ಕಳಚುವ ಮೊದಲೇ ಮೊರದ ಹತ್ತಿರ ಓಡಿದಳು. ಆಮೇಲೆ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು.

"ಅವ್ವಾ, ಕಾಜಳ ಎಲ್ಲಿ ಐತಿ?"

ರೋಗ ಬಂದು ಅರ್ಧಕ್ಕರ್ಧ ಸತ್ತವು, ಹೊರಗೆ ಹಾಕಿದೆ ಅಂದೆ. ಮಾತು ತಾನಾಗಿ ಬಂತು. ಸುರಭಿ ಹೋಗುವ ದಿನ ಅವಸರದಲ್ಲಿ ತಾನೇ ಒದ್ದೆ ಎಲೆ ಹಾಕಿದ್ದೆನೇನೋ ಎಂದು ಅತ್ತಳು. ತನ್ನಿಂದಲೇ ಸತ್ತವು ಅಂದಳು. ತಲೆ ಸವರಿ, ಹೋಗಲಿ ಬಿಡು ಅಂದೆ. ಇಲ್ಲ, ನಿನ್ನಿಂದಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅಂದರೆ ಮುಂದೆ ಪ್ರಶ್ನೆ ಬರುತ್ತಿತ್ತು.

ನವೆಂಬರ್ ೧೬. ಗುರುವಾರ

ಆಗಬಾರದ್ದು ಆಯಿತು.

ಸುರಭಿ ಶಾಲೆಯಿಂದ ಬಂದು ಅಜ್ಜನ ಮಂಚದ ಬಳಿ ಕೂತಿದ್ದಳು. ಮಾವನ ಮಾತು ಈಗ ತಿಳಿಯುವಷ್ಟಿದೆ. ಎಡಗೈಯನ್ನು ಅವಳ ತಲೆಯ ಮೇಲಿಟ್ಟು ನಿಲ್ಲಿಸಿ ನಿಲ್ಲಿಸಿ ಹೇಳಿದರು. "ನಿನ್ನ ಹುಳ... ಇದನ್ನ ಉಳಿಸಿದ್ವು, ಕೂಸ. ನನ್ನೂ ಉಳಿಸಿದ್ವು. ಇಷ್ಟ ದೊಡ್ಡ ಮನಸ... ಯಾರಿಗಿರತೈತಿ?"

ಸುರಭಿಯೇ ಕೊಟ್ಟಿದ್ದಾಳೆಂದು ಅವರು ತಿಳಿದಿದ್ದರು. ಹಾಗೆಂದು ಅವರಿಗೆ ಹೇಳಿದವಳು ನಾನೇ. ಅವರು ಕೇಳಿದ್ದರು, ಏನಾದರೂ ಹೇಳಬೇಕಿತ್ತು.

ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಸುರಭಿ ತಿರುಗಿ ನನ್ನನ್ನು ನೋಡಿದಳು. ಅಜ್ಜನ ಕೈ ತಲೆಯ ಮೇಲೆ ಇರುವ ತನಕ ಅಲುಗಾಡಲಿಲ್ಲ. ಅಜ್ಜನಿಗೆ ಏನೂ ಹೇಳಲಿಲ್ಲ. ಆಮೇಲೆ ಅಡುಗೆ ಮನೆಗೆ ಬಂದು ಮೆಲ್ಲಗೆ ಕೇಳಿದಳು.

"ಕಾಜಳನೂ ಹಾಕಿದಿ?"

ನನಗೆ ಅದರ ಗುರುತು ಸಿಗಲಿಲ್ಲ ಅಂದೆ. ಅಜ್ಜ ಸಾಯುತ್ತಿದ್ದರು, ಬೇರೆ ದಾರಿ ಇರಲಿಲ್ಲ, ಹಕ್ಕಿ ಗೆದ್ದಲು ತಿಂದಾಗ ನೀನೇನೂ ಅನ್ನಲಿಲ್ಲವಲ್ಲ ಎಂದೂ ಅಂದೆ.

"ಒರಲಿ ನಂಬೂದು ಯಾರನ್ನ? ಇವಕ್ಕ ಓಡಾಕs ಬರಂಗಿಲ್ಲ ಅವ್ವಾ. ಕೈ ಬಂತಂದ್ರ ಎಲಿ ಬಂತ್ ಅಂತಾವ."

ಹೋಗಿ ಮಲಗಿದಳು. ಊಟಕ್ಕೆ ಏಳಲಿಲ್ಲ.

ನವೆಂಬರ್ ೧೭. ಶುಕ್ರವಾರ

ಬೆಳಗ್ಗೆ ನಾನು ಕೈ ಹಾಕುವ ಮೊದಲೇ ಸುರಭಿ ಮೊರ ಎತ್ತಿಕೊಂಡು ಅಜ್ಜನ ಕೋಣೆಗೆ ಹೋದಳು. ಎರಡು ಹುಳ ಆರಿಸಿ ತಾನೇ ಪಂಜರದೊಳಗೆ ಇಟ್ಟಳು. ಮುಖ ತಿರುಗಿಸಲಿಲ್ಲ. ಹಕ್ಕಿ ನುಂಗುವ ತನಕ ನೋಡಿ, ಕೈ ತೊಳೆದು, ಶಾಲೆಗೆ ಹೋದಳು.

ಇನ್ನು ಮೇಲೆ ನಾನು ಮುಟ್ಟಬಾರದಂತೆ. ತಾನೇ ಕೊಡುತ್ತಾಳಂತೆ.

ಅವಳಿಗೆ ತಿಳಿವಳಿಕೆ ಬಂತು. ಎದೆಯ ಮೇಲಿನ ಭಾರ ಇಳಿಯಿತು.

ಡಿಸೆಂಬರ್ ೩. ಭಾನುವಾರ

ಎಷ್ಟೋ ದಿನ ಬರೆಯಲಿಲ್ಲ. ಮಾವ ಗೋಡೆ ಹಿಡಿದು ನಿಲ್ಲುತ್ತಾರೆ. ನಾನು ಅರ್ಧ ದಿನ ಆಫೀಸಿಗೆ ಹೋಗುತ್ತಿದ್ದೇನೆ.

ಉಳಿದ ಹುಳಗಳು ಗೂಡು ಕಟ್ಟಿದವು. ಈಗ ಮೇವಿಗೆ ಏನು ಎಂದು ನನಗೆ ಚಿಂತೆಯಾಗಿತ್ತು. ಸುರಭಿ ಕೆಳಗಿನ ಮನೆಯ ಪ್ರಾಜಕ್ತಾಳಿಂದ ಅವಳ ಹುಳಗಳನ್ನು ತಂದಳು. ಇಬ್ಬರೂ ಒಂದೇ ತರಗತಿ. ಪ್ರಾಜಕ್ತಾಳ ಹುಳಗಳು ತಡವಾಗಿ ಒಡೆದವು, ಇನ್ನೂ ಸಣ್ಣವು. ನಿನಗೆ ದಿನವೂ ಎಲೆ ತಂದು ಒರೆಸುವುದು ಕಷ್ಟ, ನಾನು ದೊಡ್ಡವು ಮಾಡಿ ಕೊಡುತ್ತೇನೆ ಎಂದು ಅವಳಿಗೆ ಹೇಳಿದಳಂತೆ. ಹುಡುಗಿ ಚುರುಕಿದ್ದಾಳೆ. ನನಗೆ ಇದು ಹೊಳೆದಿರಲಿಲ್ಲ.

ಡಿಸೆಂಬರ್ ೧೧. ಸೋಮವಾರ

ಸಂಜೆ ಪ್ರಾಜಕ್ತಾ ಬಂದಿದ್ದಳು, ತನ್ನ ಹುಳ ನೋಡಬೇಕೆಂದು. ಸುರಭಿ ಬಾಗಿಲಲ್ಲೇ ನಿಂತು ಹೇಳಿದಳು. "ರೋಗ ಬಂದ್ ಸತ್ವು. ನೀನs ಒದ್ದಿ ಎಲಿ ಹಾಕಿ ಕೊಟ್ಟಿದ್ದಿ."

ಪ್ರಾಜಕ್ತಾ ಅಳಲು ಶುರುಮಾಡಿದಳು. ನಾನು ಹೊರಗೆ ಬಂದು, ಹೌದು, ಪಾಪ, ಸುರಭಿ ಬಹಳ ನೋಡಿಕೊಂಡಳು, ಆದರೂ ಉಳಿಯಲಿಲ್ಲ ಅಂದೆ. ಇನ್ನೇನು ಹೇಳುವುದು. ಅವಳ ಕೈಗೆ ಒಂದು ಉಂಡಿ ಕೊಟ್ಟು ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ಸುರಭಿ ನನ್ನನ್ನು ನೋಡಲಿಲ್ಲ.

ಡಿಸೆಂಬರ್ ೨೮. ಗುರುವಾರ

ಗೂಡು ಒಡೆದು ಬಿಳಿಯ ಪತಂಗಗಳು ಬಂದಿದ್ದವು. ಅವಕ್ಕೆ ಬಾಯಿಲ್ಲ, ಹಾರಲೂ ಬಾರದು. ಹಳೆಯ ದಿನಪತ್ರಿಕೆಯ ಮೇಲೆ ಸಾಸಿವೆಯಂಥ ಮೊಟ್ಟೆ ಇಟ್ಟು ಸತ್ತವು. ಈಗ ಅವೆಲ್ಲ ಮರಿಯಾಗಿ ಮೊರ ಸಾಲದೆ ಸುರಭಿ ಎರಡು ಪರಾತಗಳಲ್ಲಿ, ಅಗಲ ತಟ್ಟೆಗಳಲ್ಲಿ, ಹರವಿದ್ದಾಳೆ.

ಕೆಲಸ ಅಚ್ಚುಕಟ್ಟು. ಚೆನ್ನಾಗಿ ಬೆಳೆಯುವವು ಒಂದು ಕಡೆ, ಬೀಜಕ್ಕೆ. ಉಳಿದವು ಇನ್ನೊಂದು ಕಡೆ, ಮೇವಿಗೆ. ಮುಂಗೈ ಮೇಲೆ ಬಿಟ್ಟುಕೊಳ್ಳುವ ಆಟವೆಲ್ಲ ನಿಂತಿದೆ. ಮುಟ್ಟುವುದಕ್ಕೆ ಅಪ್ಪನ ಹಳೆಯ ಚಿಮಟ ಇಟ್ಟುಕೊಂಡಿದ್ದಾಳೆ. ಒಂದೇ ತಿಂಗಳಲ್ಲಿ ಎಷ್ಟು ದೊಡ್ಡವಳಾದಳು. ಇವರೂ ಹಾಗೇ ಅಂದರು.

ಜನವರಿ ೨೬, ೧೯೯೬. ಶುಕ್ರವಾರ

ಡೈರಿ ಮುಗಿದಿದೆ, ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಬೆಳಗ್ಗೆ ಸುರಭಿ ಧ್ವಜವಂದನೆ ಮುಗಿಸಿ ಬಂದಳು. ಇವರೂ ರಜೆಗೆ ಬಂದಿದ್ದರು. ಮಾವ ಕೋಲೂರಿ ಪಂಜರದ ತನಕ ಬಂದು ಕುರ್ಚಿಯಲ್ಲಿ ಕೂತರು. ಸುರಭಿ ಚಿಮಟದಿಂದ ಹುಳ ಎತ್ತಿದಳು. ಅದು ತಲೆಯೆತ್ತಿ ಆಡಿಸುತ್ತಿತ್ತು.

"ಇದರ ಹೆಸರೇನ, ಕೂಸ?" ಮಾವ ಸಲಿಗೆಯಿಂದ ಕೇಳಿದರು.

"ಹೆಸರಿಲ್ಲ ಅಜ್ಜಾ. ತಿನ್ನೂವಕ್ಕ ಹೆಸರ ಇಡಂಗಿಲ್ಲ."

"ಮೊದಲ ಇಡತಿದ್ದಿ."

"ಮೊದಲ ಅವು ನನ್ನವು ಇದ್ವು. ಈಗ ನಿನ್ನ ತಿತ್ತರದ್ವು."

ಹುಳವನ್ನು ಒಳಗೆ ಹಾಕಿದಳು. ಹಕ್ಕಿ ನುಂಗಿತು. ಮಾವ ಹಕ್ಕಿಯನ್ನು ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದರು. ಮೊದಲನೆಯದನ್ನು ಕೊಟ್ಟಾಗ ನಿನಗೆ ಕೆಟ್ಟದೆನಿಸಲಿಲ್ಲವೇ ಎಂದು ಕೇಳಿದರು.

"ಮೊದಲನೇದ್ದು ನಾ ಕೊಡಲಿಲ್ಲ. ಅವ್ವ ಕೊಟ್ಟಾಳ. ನಾ ಅಕ್ಕಲಕ್ವಾಟ್ಯಾಗ ಇದ್ದೆ. ಈಗ ನಂಗೇನೂ ಅನ್ಸಂಗಿಲ್ಲ ಅಜ್ಜಾ. ನೀ ಉಣ್ಣು."

ಹೇಳಿದ್ದು ದುಗುಡದಿಂದಲ್ಲ, ಸಿಟ್ಟಿನಿಂದಲ್ಲ. ಗಂಟೆ ಎಷ್ಟಾಯಿತು ಎಂದು ಕೇಳಿದರೆ ಹೇಳುತ್ತಾರಲ್ಲ, ಹಾಗೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಮಾವ ಕೋಲಿನಿಂದ ಪಂಜರದ ಕೆಂಪು ಬಟ್ಟೆಯನ್ನು ಇಳಿಬಿಟ್ಟರು.

ಸುರಭಿ ಹೊರಗೆ ಹೋದ ಮೇಲೆ ನನ್ನನ್ನು ಕರೆದರು. "ಕೂಸಿನ್ನ ಕೇಳದs ತಗೊಂಡ್ ಕೊಟ್ಟಿ. ಮ್ಯಾಲ ನನಗ ಆಕಿ ಕೊಟ್ಟಾಳಂತ ಹೇಳಿದಿ. ಅದನ್ನ ಉಂಡ ನಾ ಬದುಕಿದೆ, ಹೌದಿಲ್ಲೋ?"

ನಿಮ್ಮ ಸಲುವಾಗಿಯೇ ಮಾಡಿದ್ದು ಅಂದೆ. ಗೊತ್ತಿದೆ ಅಂದರು. "ಆದ್ರ ಆಕೀ ಕೈ ಹೆಂಗಾಗೇತಿ ನೋಡಿದಿಯೇನು, ದ್ವಾರಕಾ?"

ರಾತ್ರಿಯೆಲ್ಲ ಕೂತು ಮಾವನ ಹಾಸಿಗೆ ಬದಲಿಸಿದವಳು ನಾನು. ಬಾಯಿಗೆ ತುತ್ತಿಟ್ಟವಳು ನಾನು. ಉಂಡು ಎದ್ದುನಿಂತ ಮೇಲೆ ನ್ಯಾಯ ಕೇಳುತ್ತಾರೆ. ಅಂದು ಅವರನ್ನು ಹಾಗೇ ಬಿಟ್ಟಿದ್ದರೆ ಈ ಮಾತು ಆಡಲು ಯಾರಿರುತ್ತಿದ್ದರು? ಇದನ್ನು ಬರೆಯಬಾರದು. ಬರೆದಾಯಿತು.

ಜನವರಿ ೩೦. ಮಂಗಳವಾರ

ಮತ್ತೆ ಊಟ ಬಿಟ್ಟಿದ್ದಾರೆ. ಈ ಸಲ ಹಕ್ಕಿ ತಿನ್ನುತ್ತಿದೆ, ಅವರು ತಿನ್ನುತ್ತಿಲ್ಲ. ಹಟವೂ ಇಲ್ಲ, ಸಿಟ್ಟೂ ಇಲ್ಲ. ಎರಡು ತುತ್ತು ತಿಂದು ಸಾಕೆಂದು ಕೈ ಆಡಿಸುತ್ತಾರೆ. ವಾಗದರಿಗೆ ಒಯ್ಯಿರಿ, ತಿತ್ತರವನ್ನು ಹೊಲದಲ್ಲಿ ಬಿಡಬೇಕು, ಅಲ್ಲಿ ಅದಕ್ಕೆ ಅದರದೇ ಮೇವಿದೆ ಅನ್ನುತ್ತಾರೆ.

ಫೆಬ್ರವರಿ ೪. ಭಾನುವಾರ. ವಾಗದರಿ

ನಿನ್ನೆ ಜೀಪಿನಲ್ಲಿ ಅಕ್ಕಲಕೋಟೆಯ ಮೇಲೆ ಇಲ್ಲಿಗೆ ಬಂದೆವು. ಅವ್ವನ ಮನೆಯ ಮುಂದೆ ನಿಲ್ಲಿಸಿ ಮಾವನಿಗೆ ನೀರು ಕುಡಿಸಿದೆವು. ಸೋಲಾಪುರದ ಮನೆಯ ಕೀಲಿಯನ್ನು ಪ್ರಾಜಕ್ತಾಳ ತಾಯಿಯ ಹತ್ತಿರ ಕೊಟ್ಟಿದ್ದೇನೆ.

ಇವತ್ತು ಹೊತ್ತು ಇಳಿದ ಮೇಲೆ ಎತ್ತಿನ ಗಾಡಿಯಲ್ಲಿ ಮಾವನನ್ನು ಹೊಲಕ್ಕೆ ಕರೆದುಕೊಂಡು ಹೋದೆವು. ಜೋಳ ಎದೆಯುದ್ದ ನಿಂತಿದೆ, ತೆನೆ ಬಲಿತಿದೆ. ಬದುವಿನ ಮೇಲೆ ಪಂಜರ ಇಟ್ಟು ಮಾವ ಎಡಗೈಯಿಂದ ಬಾಗಿಲು ಎತ್ತಿದರು. ಹಕ್ಕಿ ಹೊರಗೆ ಬರಲಿಲ್ಲ. ಸುರಭಿಯ ಕೈ ನೋಡುತ್ತ ನಿಂತಿತು.

"ಅದಕ್ಕ ಹುಡುಕ್ಯಾಡಿ ತಿನ್ನೂದು ಗೊತ್ತಿಲ್ಲ. ಸಾಯತೈತಿ ಅಜ್ಜಾ" ಅಂದಳು ಸುರಭಿ.

ಮಾವ ಪಂಜರವನ್ನು ಕೋಲಿನಿಂದ ಮೆಲ್ಲಗೆ ಓರೆ ಮಾಡಿದರು. ಹಕ್ಕಿ ಕೆಳಗಿಳಿದು ಮಣ್ಣು ಕೆದರಿತು, ಏನೋ ಕುಕ್ಕಿತು, ಎರಡು ಹೆಜ್ಜೆ ಇಟ್ಟು ನಿಂತಿತು. ಆಮೇಲೆ ಜೋಳದ ಸಾಲಿನೊಳಗೆ ನಡೆದುಕೊಂಡೇ ಹೋಯಿತು. ಹಾರಲಿಲ್ಲ.

ಮಾವ ಮನೆಗೆ ಬಂದು ಒಂದು ಬಟ್ಟಲು ಅಂಬಲಿ ಕೇಳಿ ಕುಡಿದರು. ಎಲ್ಲರಿಗೂ ಹಗುರವಾಯಿತು.

ಫೆಬ್ರವರಿ ೫. ಸೋಮವಾರ. ವಾಗದರಿ

ಮುಂಜಾನೆ ಭಾವ ಹೊಲದ ಕಡೆ ಹೋಗಿದ್ದರು. ಸುರಭಿಯೂ ನಾನೂ ಕಡಲೆ ಗಿಡ ಕಿತ್ತು ತರಲೆಂದು ಹಿಂದಿನಿಂದ ಹೋದೆವು. ಬದುವಿನ ಕೆಳಗೆ ಭಾವ ಬಗ್ಗಿ ನಿಂತಿದ್ದರು. ಕಂದು ಪಟ್ಟೆಯ ಗರಿಗಳು ಹರಡಿದ್ದವು. ಒಂದು ಕಾಲು ಇತ್ತು. ಮುಂಗುಸಿ ಇರಬೇಕು, ಇಲ್ಲವೇ ಬೆಕ್ಕು ಅಂದರು. ಪಂಜರ ಇಟ್ಟ ಜಾಗದಿಂದ ಹತ್ತು ಮಾರು ದೂರವೂ ಹೋಗಿರಲಿಲ್ಲ.

ಸುರಭಿ ನೋಡಿದಳು. ನಾನು ಅವಳ ಕಣ್ಣು ಮುಚ್ಚಲು ಕೈ ಎತ್ತಿದೆ. ಅವಳು ಕೈ ಸರಿಸಿದಳು.

ಅಪ್ಪನಿಗೆ ಹೇಳಬೇಡಿ ಎಂದು ಭಾವ ಮಣ್ಣು ಎಳೆದು ಮುಚ್ಚಿದರು.

ಮನೆಗೆ ಬಂದರೆ ಮಾವ ಎದ್ದು ಕೂತಿದ್ದರು. ಹೊಲದ ಕಡೆ ಹೋಗಿದ್ದಿರಾ, ಏನಾದರೂ ಕೇಳಿಸಿತೇ ಎಂದರು. ಜೋಳದಲ್ಲಿ ಕೂಗುತ್ತಿತ್ತು, ಜೊತೆಗೆ ಇನ್ನೊಂದು ಕೂಗುತ್ತಿತ್ತು ಅಂದೆ. ಮಾವ ನನ್ನ ಮಾತು ಕೇಳಿ ಸುರಭಿಯ ಕಡೆ ತಿರುಗಿದರು.

"ಖರೇನು, ಕೂಸ? ನೀ ಹೇಳು."

ಇವಳು ಇದನ್ನೂ ಹೇಳಿಬಿಡುತ್ತಾಳೆ ಅಂದುಕೊಂಡೆ.

ಸುರಭಿ ಅವರ ಪಕ್ಕದಲ್ಲಿ ಕೂತಳು. "ಹೌದಜ್ಜಾ. ನಾನೂ ಕೇಳೇನಿ. ದೂರ ಹೋಗೇತಿ, ನಾಲಾದ ಆಕಡೆ. ಎರಡು ಅದಾವ."

ಕಣ್ಣು ಕೆಳಗೆ ಹಾಕಲಿಲ್ಲ. ಧ್ವನಿ ಒಂದಿಷ್ಟೂ ಅಲುಗಲಿಲ್ಲ. ಅಜ್ಜನ ಎದುರಿಗಿದ್ದ ತಾಟಿನಿಂದ ರೊಟ್ಟಿ ಮುರಿದು, ಹಾಲಿನಲ್ಲಿ ಅದ್ದಿ, ಅವರ ಬಾಯಿಯ ಹತ್ತಿರ ಹಿಡಿದಳು. ಮಾವ ಬಹಳ ಹೊತ್ತು ಅವಳ ಮುಖ ನೋಡಿದರು. ಆಮೇಲೆ ಬಾಯಿ ತೆರೆದು ಆ ತುತ್ತು ತೆಗೆದುಕೊಂಡರು. ಅಗಿಯದೆ ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಮತ್ತೆ ತಿನ್ನಲಿಲ್ಲ. ಆದರೂ ನನ್ನ ಮಗಳು ಇವತ್ತು ನನ್ನ ಮಾನ ಉಳಿಸಿದಳು.

ಫೆಬ್ರವರಿ ೬. ಮಂಗಳವಾರ

ಬೆಳಗ್ಗೆ ಚಹಾ ಒಯ್ದ ಪಾರ್ವತಿಬಾಯಿ ಅಕ್ಕ, ಭಾವನ ಹೆಂಡತಿ, ಒಳಗಿನಿಂದ ಕೂಗಿದರು. ಮಾವ ನಿದ್ದೆಯಲ್ಲೇ ಹೋಗಿದ್ದರು. ಇವರನ್ನು ಮಂಗಳವೇಢೆಯಿಂದ ಕರೆಸಿದೆವು. ಸಂಜೆಯೊಳಗೆ ಹೊಲದಲ್ಲಿ ಅತ್ತೆಯ ಪಕ್ಕಕ್ಕೆ ಮಣ್ಣು ಮಾಡಿದರು.

ಸುರಭಿ ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು. ಎಂಥ ಗಟ್ಟಿ ಹುಡುಗಿ ಎಂದು ಹೆಂಗಸರು ಮೆಚ್ಚಿದರು.

ಫೆಬ್ರವರಿ ೧೧. ಭಾನುವಾರ. ಸೋಲಾಪುರ

ಐದನೆಯ ದಿನದ ಪೂಜೆ ಮುಗಿಸಿ ಸುರಭಿಯೂ ನಾನೂ ಬಂದೆವು. ಇವರು ಅಲ್ಲೇ ಉಳಿದಿದ್ದಾರೆ.

ಮೆಟ್ಟಿಲು ಹತ್ತುವಾಗಲೇ ಪ್ರಾಜಕ್ತಾ ಕೀಲಿ ಹಿಡಿದು ಹಿಂದೆ ಓಡಿಬಂದಳು. ವಾರವಿಡೀ ಅವಳೇ ಹುಳಗಳಿಗೆ ಎಲೆ ಹಾಕಿದ್ದಳು. ಶಾಲೆಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ. ಪರಾತಗಳಲ್ಲಿ ಉಳಿದಿದ್ದವನ್ನೆಲ್ಲ ಮೊರದಲ್ಲಿ ಹಾಕಿ ಹಳೆಯ ಪೇಪರ್ ಬದಲಿಸಿದ್ದಳು. "ಒಂದೂ ಸತ್ತಿಲ್ಲ ಕಾಕೂ. ಎಲ್ಲಾ ಒರಸಿ ಹಾಕೀನಿ" ಅಂದಳು. ಮೊರವನ್ನು ಎತ್ತಿ ತೋರಿಸಿದಳು. ಬೆರಳು ದಪ್ಪದ ಹುಳಗಳು, ಬೆಳ್ಳಗೆ, ಎಲೆ ಕಡಿಯುವ ಸದ್ದು ಕೇಳುತ್ತಿತ್ತು.

ಸುರಭಿ ಚೀಲ ಕೆಳಗಿಟ್ಟು ಬಂದು ಇಣುಕಿ ನೋಡಿದಳು.

"ಇವನ್ನ ಇಟ್ಕೊಂಡು ಇನ್ನೇನ್ ಮಾಡೂದು ಅವ್ವಾ? ತಿನ್ನಾಕ ಯಾರೂ ಇಲ್ಲಲಾ. ಕಸದ ಡಬ್ಬಿಗೆ ಹಾಕ್ಲಿ?"

ಪ್ರಾಜಕ್ತಾ ಅವಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮೊರವನ್ನು ಎದೆಗೆ ಒತ್ತಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಾಗಿಲು ದಾಟಿದಳು. ತಿರುಗಿ ಓಡಿದಳು. ಕೆಳಗಿನ ಮನೆಯ ಬಾಗಿಲು ಮುಚ್ಚಿ ಚಿಲಕ ಹಾಕಿದ ಸದ್ದು ಇಲ್ಲಿಗೆ ಕೇಳಿಸಿತು.

ಒಯ್ಯಲಿ ಬಿಡು ಅಂದೆ. ಸುರಭಿ ಹೂಂ ಅಂದಳು.

ಹೊರಗಿನ ಕೋಣೆ ತೊಳೆದೆ. ಮಂಚ ಮಡಿಸಿ ಗೋಡೆಗೆ ಒರಗಿಸಿದೆವು. ಅನ್ನಕ್ಕಿಟ್ಟೆ, ಬೇಳೆ ಕುದಿಸಿದೆ. ಇಬ್ಬರೂ ಎದುರುಬದುರು ಕೂತು ಉಂಡೆವು. ಎಷ್ಟೋ ದಿನಗಳ ಮೇಲೆ ಬಿಸಿ ಅನ್ನ. ಸುರಭಿ ಎರಡನೆಯ ಸಲ ಹಾಕಿಸಿಕೊಂಡಳು.